ಗೆದ್ದ ಮೇಲಿನ ಕಥೆ

ಕಥೆ ಮುಗಿದ ಮೇಲೆ ಏನಾಯಿತು ಎಂದು ಕೇಳುವುದು ಮಕ್ಕಳ ಹಕ್ಕು. ಅದಕ್ಕೆ ತೃಪ್ತಿಕರವಾದ ಉತ್ತರ ಹೇಳುವುದು ಮಾತ್ರ ಮಹಾಕವಿಗಳಿಗೂ ಸುಲಭವಾದ ಕೆಲಸವಲ್ಲ. ಕುಮಾರವ್ಯಾಸನು ಭಾರತದ ಕಥೆಯನ್ನು ಹತ್ತು ಪರ್ವಗಳಲ್ಲಿ ಹೇಳಿ ಗದಾಪರ್ವಕ್ಕೆ ನಿಲ್ಲಿಸಿದನು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿಯು ಪೂರೈಸಿದನು. ತಿಮ್ಮಣ್ಣನದು ಶ್ರದ್ಧೆಯ ಕೆಲಸ. ಆದರೆ ಇಂದು ಅವನ ಹೆಸರು ಹೆಚ್ಚಾಗಿ ಸಾಹಿತ್ಯಚರಿತ್ರೆಯ ಪುಟಗಳಲ್ಲಿಯೇ ಕಾಣುತ್ತದೆ. ಅದೇ ಯುದ್ಧ ಮುಗಿದ ಮೇಲಿನ ಕಥೆಯನ್ನು ಎತ್ತಿಕೊಂಡ ದೇವನೂರಿನ ಲಕ್ಷ್ಮೀಶನಾದರೋ ಹಳ್ಳಿಹಳ್ಳಿಯ ಜಗಲಿಗಳಲ್ಲಿ ತಲೆಮಾರುಗಳ ಕಾಲ ಓದಿಸಿಕೊಂಡನು. ಮುಂದುವರಿದ ಕಥೆಗಳಲ್ಲಿ ಒಂದು ಜನರ ಬಾಯಲ್ಲಿ ಉಳಿದು ಇನ್ನೊಂದು ಮರೆಯಾಗುವುದೇಕೆ ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡಿದೆ. ಅದನ್ನು ಈಗ ವಾಚಕರ ಮುಂದಿಡಲು ಕಾರಣವಾದುದು ಮಾತ್ರ ಒಂದು ಜಪಾನೀ ಚಿತ್ರ.

ಆ ಚಿತ್ರದ ಹೆಸರು 'ಫೈನಲ್ ಫ್ಯಾಂಟಸಿ ಏಳು: ಅಡ್ವೆಂಟ್ ಚಿಲ್ಡ್ರನ್'. ಇದು ನಟನಟಿಯರನ್ನು ನಿಲ್ಲಿಸಿ ತೆಗೆದುದಲ್ಲ. ಗಣಕಯಂತ್ರದಲ್ಲಿ ರೂಪಿಸಿದ ಅನಿಮೇಷನ್ ಚಿತ್ರ. 2005ರ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ಇದರ ಮೂಲ ಒಂದು ಕಾದಂಬರಿಯೂ ಅಲ್ಲ, ನಾಟಕವೂ ಅಲ್ಲ. 1997ರಲ್ಲಿ ಸ್ಕ್ವೇರ್ ಎಂಬ ಕಂಪನಿ ಹೊರತಂದ ವಿಡಿಯೋ ಗೇಮ್. ಆ ಆಟದ ಕಥೆ ಮುಗಿದ ಎರಡು ವರ್ಷಗಳ ಮೇಲೆ ಏನಾಯಿತೆಂಬುದನ್ನು ಚಿತ್ರವು ಹೇಳುತ್ತದೆ. ಆಟದ ಪಾತ್ರಗಳಿಗೆ ರೂಪ ಕೊಟ್ಟ ಟೆತ್ಸುಯ ನೊಮುರಾ ಅವರೇ ಚಿತ್ರದ ನಿರ್ದೇಶಕರು. ಆಟದ ಕಥೆ ಬರೆದವರಲ್ಲಿ ಒಬ್ಬರಾದ ಕಜುಶಿಗೆ ನೊಜಿಮಾ ಅವರೇ ಇದಕ್ಕೂ ಬರೆದರು. ಎಂದರೆ, ಕುಮಾರವ್ಯಾಸನೇ ಮುಂದಿನ ಪರ್ವಗಳಿಗೆ ಕುಳಿತಂತಾಯಿತು.

ಸಾಹಿತ್ಯದ ಪುಟದಲ್ಲಿ ಹುಡುಗರ ಆಟದ ಮಾತೇಕೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಅಂಥವರಿಗೆ ನನ್ನ ಉತ್ತರ ಇಷ್ಟೆ. ಬಾಗೂರಿನಂತಹ ಹೋಬಳಿಯ ಊರಿನಲ್ಲಿಯೂ ಇಂದು ತರುಣರು ತಮ್ಮ ವೀರಕಥೆಗಳನ್ನು ಪಡೆಯುತ್ತಿರುವುದು ಬಹುಮಟ್ಟಿಗೆ ಅಂಗೈಯಗಲದ ಪರದೆಯಿಂದ. ತೆಂಗಿನ ತೋಟದ ಬದುವಿನ ಮೇಲೆ ಕುಳಿತು ಅವರು ನೋಡುವ ಲೋಕದಲ್ಲಿ ರಾಜ್ಯ ಕಳೆದುಕೊಂಡವರಿದ್ದಾರೆ, ಸ್ನೇಹಿತರಿಗಾಗಿ ಸತ್ತವರಿದ್ದಾರೆ, ಕೊಂದು ಪಶ್ಚಾತ್ತಾಪಪಟ್ಟವರಿದ್ದಾರೆ. ಇದನ್ನೆಲ್ಲ ವಿಮರ್ಶೆಯ ಹೊಸ್ತಿಲ ಹೊರಗೆ ನಿಲ್ಲಿಸಿದರೆ ನಷ್ಟವಾಗುವುದು ವಿಮರ್ಶೆಗೇ ಹೊರತು ಆ ಲೋಕಕ್ಕಲ್ಲ.

ಮೊದಲು ಮೂಲದ ಕಥೆಯನ್ನು ಸಂಗ್ರಹವಾಗಿ ಹೇಳುತ್ತೇನೆ. ಮಿಡ್ಗಾರ್ ಎಂಬ ಮಹಾನಗರವನ್ನು ಒಂದು ಕಂಪನಿ ಆಳುತ್ತಿದೆ. ಅದು ಭೂಮಿಯ ಒಡಲಿನಲ್ಲಿ ಹರಿಯುವ ಜೀವದ್ರವವನ್ನು ಹೀರಿ ವಿದ್ಯುತ್ತನ್ನಾಗಿ ಮಾಡುತ್ತದೆ. ಅದನ್ನು ತಡೆಯಲು ಹೊರಟ ಗುಂಪಿನಲ್ಲಿ ಕೂಲಿಯ ಕತ್ತಿಯಾಳಾಗಿ ಸೇರುವವನು ಕ್ಲೌಡ್. ತನ್ನ ಹಿಂದಿನ ಬದುಕಿನ ನೆನಪೇ ಅವನಲ್ಲಿ ಕಲಸಿಹೋಗಿದೆ. ಹೂ ಮಾರುವ ಏರಿತ್ ಎಂಬ ಹುಡುಗಿ ಅವನಿಗೆ ಜೊತೆಯಾಗುತ್ತಾಳೆ. ಲೋಕವನ್ನೇ ಅಳಿಸಬೇಕೆಂದಿರುವ ಸೆಫಿರಾತ್ ಎಂಬ ಹಿಂದಿನ ವೀರನು, ಪ್ರಾರ್ಥನೆಯಲ್ಲಿ ತೊಡಗಿದ್ದ ಅವಳನ್ನು ಕೊಲ್ಲುತ್ತಾನೆ. ಕೊನೆಯಲ್ಲಿ ಸೆಫಿರಾತ್ ಸೋಲುತ್ತಾನೆ, ಭೂಮಿ ಉಳಿಯುತ್ತದೆ. ಮನುಷ್ಯರು ಏನಾದರೆಂಬುದನ್ನು ಮಾತ್ರ ಆಟವು ಬಾಯಿಬಿಟ್ಟು ಹೇಳುವುದಿಲ್ಲ. ಐನೂರು ವರ್ಷಗಳ ಮೇಲೆ ಹಸುರು ಮುಚ್ಚಿದ ನಗರದ ಅವಶೇಷವನ್ನು ತೋರಿಸಿ ಸುಮ್ಮನಾಗುತ್ತದೆ.

ಏರಿತಳ ಸಾವು ಆಡಿದವರ ಮನಸ್ಸಿನಲ್ಲಿ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಉಳಿದಿರುವುದಕ್ಕೆ ಕಾರಣವನ್ನು ಯೋಚಿಸಬೇಕು. ಕಾದಂಬರಿಯಲ್ಲಿ ಪಾತ್ರವೊಂದು ಸತ್ತಾಗ ನಾವು ಮರುಗುತ್ತೇವೆ. ಆಟದಲ್ಲಿ ಹಾಗಲ್ಲ. ಆಡುವವನು ಹತ್ತಾರು ಗಂಟೆ ಅವಳನ್ನು ಜೊತೆಯಲ್ಲಿ ನಡೆಸಿದ್ದಾನೆ. ಅಂಗಡಿಯಲ್ಲಿ ಅವಳಿಗೆ ಬೇಕಾದ ಕೋಲನ್ನು ಕೊಂಡಿದ್ದಾನೆ. ಗಾಯವಾದಾಗ ಅವಳಿಂದ ಗುಣಪಡಿಸಿಕೊಂಡಿದ್ದಾನೆ. ಅವಳು ಹೋದ ಮೇಲೆ ಅವಳಿಗೆಂದು ಕೊಂಡಿಟ್ಟ ಕೋಲುಗಳು ಚೀಲದಲ್ಲಿ ಉಳಿದಿರುತ್ತವೆ. ಅವು ಬೇರೆ ಯಾರ ಕೈಗೂ ಒಗ್ಗುವುದಿಲ್ಲ. ಸತ್ತವರ ಸೀರೆಯನ್ನು ಪೆಟ್ಟಿಗೆಯಲ್ಲಿ ಕಂಡವರಿಗೆ ಈ ಅನುಭವವನ್ನು ನಾನು ವಿವರಿಸಬೇಕಾಗಿಲ್ಲ. ದುಃಖವನ್ನು ಕಣ್ಣಿನಿಂದಲ್ಲದೆ ಕೈಯಿಂದ ಅನುಭವಿಸುವಂತೆ ಮಾಡುವುದು ಈ ಮಾಧ್ಯಮದ ವಿಶೇಷ.

ಚಿತ್ರವಾದಾಗ ಈ ಕೈಯೇ ಇಲ್ಲವಾಗುತ್ತದೆ. ಹೇಮಾವತಿಯ ನೀರು ನಮ್ಮ ಕಡೆ ತೆರೆದ ನಾಲೆಯಲ್ಲಿ ಹರಿಯುವಾಗ ಯಾರು ಬೇಕಾದರೂ ಅಂಚಿಗೆ ಇಳಿದು ಕೈ ಅದ್ದಬಹುದು. ಅದೇ ನೀರು ಬಾಗೂರು-ನವಿಲೆ ಸುರಂಗವನ್ನು ಹೊಕ್ಕರೆ ತುಮಕೂರಿನ ಕಡೆಗೆ ಸಾಗುತ್ತದೆಯೇ ವಿನಾ ನಡುವೆ ಯಾರ ಕೈಗೂ ಸಿಕ್ಕದು. ಆಟದ ಕಥೆ ಚಿತ್ರಕ್ಕೆ ಬರುವುದು ಹೀಗೆಯೇ. ನೀರು ಅದೇ, ವೇಗವೂ ಇದೆ. ಆದರೆ ನಮಗೆ ಇಳಿಯುವ ಮೆಟ್ಟಿಲಿಲ್ಲ. ಹೀಗಿರುವಾಗ, ಕಳೆದುಕೊಂಡ ಕೈಗೆ ಬದಲಾಗಿ ಚಿತ್ರವು ಏನನ್ನು ಕೊಡುತ್ತದೆ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಮೊದಲರ್ಧದಲ್ಲಿ ಅದು ಕೊಡುವುದು ಸಣ್ಣದಲ್ಲ. ಲೋಕವನ್ನು ಉಳಿಸಿದ ಕ್ಲೌಡ್ ಈಗ ಊರಿಂದೂರಿಗೆ ಸಾಮಾನು ಮುಟ್ಟಿಸುವ ಕೆಲಸದಲ್ಲಿದ್ದಾನೆ. ಬಾಲ್ಯದ ಗೆಳತಿ ಟೀಫಾ ಮತ್ತು ಡೆನ್ಜೆಲ್ ಎಂಬ ಅನಾಥ ಬಾಲಕನಿರುವ ಮನೆಯನ್ನು ಬಿಟ್ಟು, ಏರಿತ್ ಹೂ ಬೆಳೆಸುತ್ತಿದ್ದ ಹಾಳು ಚರ್ಚಿನಲ್ಲಿ ಒಬ್ಬನೇ ಮಲಗುತ್ತಾನೆ. ತನಗಾಗಿ ಸತ್ತ ಗೆಳೆಯನನ್ನೂ ತನ್ನ ಕಣ್ಣೆದುರಿಗೇ ಸತ್ತ ಹುಡುಗಿಯನ್ನೂ ಅವನು ಮರೆಯಲಾರ. ಊರಿನ ಮಕ್ಕಳಿಗೆ ಮೈ ಕಪ್ಪಾಗುವ ಒಂದು ರೋಗ ತಗುಲಿದೆ, ಡೆನ್ಜೆಲನಿಗೂ ತಗುಲಿದೆ, ಯಾರಿಗೂ ಹೇಳದೆ ಕ್ಲೌಡ್ ಕೂಡ ಅದನ್ನು ತೋಳಿನಲ್ಲಿ ಬಟ್ಟೆ ಸುತ್ತಿ ಮರೆಮಾಡಿದ್ದಾನೆ. ಗೆದ್ದವನೇ ರೋಗಿಯಾಗಿರುವ ಈ ಆರಂಭವನ್ನು ಕಂಡಾಗ ನನಗೆ ನೆನಪಾದುದು ಜೈಮಿನಿ ಭಾರತ. ಅಲ್ಲಿಯೂ ಕಥೆ ಹೊರಡುವುದು ವಿಜಯಿಯ ಶೋಕದಿಂದ. ಬಂಧುಗಳನ್ನು ಕೊಂದು ಪಡೆದ ಸಿಂಹಾಸನದಲ್ಲಿ ಧರ್ಮರಾಯನಿಗೆ ನೆಮ್ಮದಿಯಿಲ್ಲ. ಆ ಪಾಪದ ಪರಿಹಾರಕ್ಕೆಂದು ವ್ಯಾಸರು ಅಶ್ವಮೇಧವನ್ನು ಸೂಚಿಸುತ್ತಾರೆ.

ನನ್ನ ತಂಗಿಯ ಮೊಮ್ಮಗ ಕಾಲೇಜಿನ ವಿದ್ಯಾರ್ಥಿ. ಚಿತ್ರವನ್ನು ನನಗೆ ತೋರಿಸಿದವನು ಅವನೇ. ನಡುವೆ ನಾನು ಅದು ಯಾರು, ಇದು ಯಾರು ಎಂದು ಕೇಳುತ್ತಿದ್ದುದನ್ನು ಕಂಡು, "ತಾತ, ಆಟ ಆಡದೇ ಇದ್ರೆ ಇದು ಅರ್ಥ ಆಗೋದು ಕಷ್ಟ" ಎಂದ. "ಅರ್ಜುನ ಯಾರು ಅಂತ ಗೊತ್ತಿಲ್ಲದೇ ಇದ್ರೆ ಬಬ್ರುವಾಹನನ ಕಥೆ ಅರ್ಥ ಆಗುತ್ತೇನಪ್ಪ?" ಎಂದು ನಾನು ಕೇಳಿದೆ. ಚಿತ್ರದ ಮೇಲೆ ಬಂದ ಮುಖ್ಯ ಆಕ್ಷೇಪಣೆಯೇ ಅದು: ಆಟವನ್ನು ಅರಿಯದವನಿಗೆ ಕಥೆ ಹಿಡಿಯುವುದಿಲ್ಲವೆಂಬುದು. ನಾನು ಅದನ್ನು ದೋಷವೆಂದು ಎಣಿಸಲಾರೆ. ನಮ್ಮ ಬಯಲಾಟದ ಪ್ರೇಕ್ಷಕನು ಕಥೆಯನ್ನು ತಿಳಿಯಲು ಬರುವುದಿಲ್ಲ. ತಿಳಿದ ಕಥೆಯನ್ನು ಮತ್ತೆ ಅನುಭವಿಸಲು ಬರುತ್ತಾನೆ. ಗಮಕಿಯು ಪದ್ಯವನ್ನು ಎತ್ತಿಕೊಂಡೊಡನೆ ಮುಂದೇನು ಬರುತ್ತದೆಂದು ಬಲ್ಲವರೇ ತಲೆದೂಗುತ್ತಾರೆ. ಬಲ್ಲವರಿಗಾಗಿ ಹೇಳುವುದು ಕಥನಕಲೆಯ ಹಳೆಯ ಮರ್ಯಾದೆ.

ಇದಕ್ಕೆ ಎದುರಾದ ಉದಾಹರಣೆಯೂ ಆ ಕಂಪನಿಯ ಇತಿಹಾಸದಲ್ಲಿಯೇ ಇದೆ. 2001ರಲ್ಲಿ ಅದು 'ಸ್ಪಿರಿಟ್ಸ್ ವಿದಿನ್' ಎಂಬ ಅನಿಮೇಷನ್ ಚಿತ್ರವನ್ನು ಅಪಾರ ವೆಚ್ಚದಲ್ಲಿ ತಯಾರಿಸಿತು. ಫೈನಲ್ ಫ್ಯಾಂಟಸಿ ಎಂಬ ಹೆಸರನ್ನು ಹೊತ್ತರೂ ಅದು ಯಾವ ಆಟದ ಕಥೆಯೂ ಅಲ್ಲ. ಎಲ್ಲರಿಗೂ ತಿಳಿಯಲೆಂದು ಹೊಸದಾಗಿ ಹೆಣೆದುದು. ಅದು ಬಹಳ ದೊಡ್ಡ ನಷ್ಟವನ್ನು ತಂದಿತು. ಅದನ್ನು ತಯಾರಿಸಿದ ಹವಾಯಿಯ ಸ್ಟುಡಿಯೋ ಮುಚ್ಚಿತು. ನಾಲ್ಕು ವರ್ಷಗಳ ಮೇಲೆ ಬಲ್ಲವರಿಗಾಗಿಯೇ ಮಾಡಿದ 'ಅಡ್ವೆಂಟ್ ಚಿಲ್ಡ್ರನ್' ಜನಪ್ರಿಯವಾಗಿ, 2009ರಲ್ಲಿ ಇನ್ನಷ್ಟು ದೃಶ್ಯಗಳೊಡನೆ ಮತ್ತೆ ಹೊರಬಂದಿತು. ಎಲ್ಲರಿಗೂ ಎಂದು ಹೊರಟದ್ದು ಯಾರದೂ ಆಗಲಿಲ್ಲ; ಕೆಲವರಿಗೆ ಎಂದು ಹೊರಟದ್ದು ಹಲವರದಾಯಿತು.

ನನ್ನ ಆಕ್ಷೇಪಣೆ ಬೇರೆಯದು. ಅದು ಉತ್ತರಾರ್ಧಕ್ಕೆ ಸೇರಿದ್ದು. ಕದಾಜ್ ಎಂಬ ತರುಣನು ಇಬ್ಬರು ಜೊತೆಗಾರರೊಡನೆ ಬಂದು, ರೋಗ ವಾಸಿಮಾಡುವೆನೆಂದು ಹೇಳಿ ಊರಿನ ಮಕ್ಕಳನ್ನು ಕರೆದೊಯ್ಯುತ್ತಾನೆ. ಅವನು ಕ್ಲೌಡನನ್ನು ಅಣ್ಣನೆಂದು ಕರೆಯುತ್ತಾನೆ. ತಾಯಿ ಎಲ್ಲಿ ಎಂದು ಹುಡುಕುತ್ತಾನೆ. ಒಂದೇ ಕೇಡಿನ ಅಂಶ ಇಬ್ಬರ ಮೈಯಲ್ಲಿಯೂ ಇದೆ. ಎಂತಹ ಸಂದರ್ಭ! ಗೆದ್ದವನ ಎದುರಿಗೆ ನಿಂತವನು ವೈರಿಯಲ್ಲ, ತಮ್ಮನಂತಹವನು. ಅವನಿಗೆ ಬೇಕಾದುದು ರಾಜ್ಯವಲ್ಲ, ತಾಯಿ. ಇಲ್ಲಿಂದ ಕಥೆ ಎಷ್ಟು ಆಳಕ್ಕೆ ಇಳಿಯಬಹುದಾಗಿತ್ತು! ಆದರೆ ಚಿತ್ರಕಾರರಿಗೆ ಅಷ್ಟು ಧೈರ್ಯವಾಗಲಿಲ್ಲ. ಕದಾಜನ ಮೈಯಲ್ಲಿ ಹಳೆಯ ಸೆಫಿರಾತನೇ ಎದ್ದು ಬರುತ್ತಾನೆ. ಆಕಾಶದಲ್ಲಿ ಕತ್ತಿಗೆ ಕತ್ತಿ ತಾಗುತ್ತದೆ, ಕಟ್ಟಡಗಳು ಹೋಳಾಗುತ್ತವೆ, ಕ್ಲೌಡ್ ಮತ್ತೆ ಗೆಲ್ಲುತ್ತಾನೆ. ಆಟದಲ್ಲಿ ಗೆದ್ದುದನ್ನೇ ಇನ್ನೊಮ್ಮೆ ಗೆದ್ದಂತಾಯಿತು. ನೋಡುವ ಕಣ್ಣಿಗೆ ಅದು ಹಬ್ಬವೆಂಬುದನ್ನು ಒಪ್ಪುತ್ತೇನೆ. ಆದರೆ ಶೋಕದಿಂದ ಹೊರಟ ಕಥೆಗೆ ಇನ್ನೊಂದು ವಿಜಯವು ಉತ್ತರವಾಗುವುದೆ?

ಲಕ್ಷ್ಮೀಶನ ಕಾವ್ಯದಲ್ಲಿಯೂ ಯುದ್ಧಗಳಿಗೆ ಬರವಿಲ್ಲವಲ್ಲ ಎಂದು ಸಹೃದಯರು ಕೇಳಬಹುದು. ನಿಜ; ಮೂವತ್ತನಾಲ್ಕು ಸಂಧಿಗಳಲ್ಲಿ ಕುದುರೆ ಹೋದೆಡೆಯೆಲ್ಲ ಯುದ್ಧವೇ. ಆದರೆ ಆ ಯುದ್ಧಗಳನ್ನು ಒಂದೊಂದಾಗಿ ನೋಡಿ. ಸುಧನ್ವನ ಮುಂದೆ ಅರ್ಜುನನ ಬಿಲ್ಲು ಕೃಷ್ಣನ ನೆರವಿಲ್ಲದೆ ಸಾಗದು. ತಾಮ್ರಧ್ವಜನ ಎದುರು ಕೃಷ್ಣಾರ್ಜುನರಿಬ್ಬರೂ ಸೋಲುತ್ತಾರೆ. ಮಣಿಪುರದಲ್ಲಿ ಬಬ್ರುವಾಹನನು ಕುದುರೆಯನ್ನೂ ಕಾಣಿಕೆಯನ್ನೂ ಹಿಡಿದು ತಂದೆಯ ಕಾಲಿಗೆ ಬೀಳಬಂದರೆ, ಅರ್ಜುನನು ಅವನ ಹುಟ್ಟನ್ನೇ ಹಳಿಯುತ್ತಾನೆ. ಆ ಮಗನ ಬಾಣಕ್ಕೇ ಅವನ ತಲೆ ಉರುಳುತ್ತದೆ. ನಡುವೆ ಬರುವ ಕುಶಲವರ ಕಥೆಯಲ್ಲಿ ರಾಮನೂ ತನ್ನ ಮಕ್ಕಳ ಕೈಯಲ್ಲಿ ಸೋಲುತ್ತಾನೆ. ಗೆದ್ದವರು ತಮ್ಮ ರಕ್ತಕ್ಕೇ ಸೋಲುವುದು, ತಾವು ತೊರೆದವರ ಮುಂದೆ ತಲೆಬಾಗುವುದು, ಈ ಮುಂದುವರಿದ ಕಥೆಯ ಜೀವ. ಕುರುಕ್ಷೇತ್ರದ ಗರ್ವ ಅಲ್ಲಿ ಅಂಗುಲ ಅಂಗುಲವಾಗಿ ಇಳಿಯುತ್ತದೆ. ತಿಮ್ಮಣ್ಣ ಕವಿ ಉಳಿದ ಕಥೆಯನ್ನು ಪೂರ್ತಿ ಮಾಡಿದನು; ಲಕ್ಷ್ಮೀಶನು ಉಳಿದ ಋಣವನ್ನು ತೀರಿಸಿದನು. ಜನರು ಎರಡನೆಯದನ್ನು ಆರಿಸಿಕೊಂಡುದರಲ್ಲಿ ಆಶ್ಚರ್ಯವಿಲ್ಲ. 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು 'ಬಬ್ರುವಾಹನ' ಚಿತ್ರವನ್ನು ನಿರ್ದೇಶಿಸಿದಾಗ ರಾಜಕುಮಾರರು ತಂದೆ ಮಗ ಇಬ್ಬರ ಪಾತ್ರವನ್ನೂ ವಹಿಸಿದರು. ಒಬ್ಬನೇ ನಟನು ತನ್ನನ್ನು ತಾನೇ ಎದುರಿಸಿ ನಿಂತ ಆ ದೃಶ್ಯಕ್ಕಿಂತ ಚೆನ್ನಾಗಿ ಈ ಕಥೆಯ ಅರ್ಥವನ್ನು ಯಾವ ವ್ಯಾಖ್ಯಾನಕಾರನು ಹೇಳಬಲ್ಲನು?

ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನವರಿಗೆ ಈ ಮಾತು ಹೊಸದಾಗಬಾರದು. ಶ್ರವಣಬೆಳಗೊಳದ ಬೆಟ್ಟದ ಮೇಲೆ ಹತ್ತನೆಯ ಶತಮಾನದಿಂದ ನಿಂತಿರುವವನು ಗೆದ್ದವನು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಅಣ್ಣನನ್ನು ಸೋಲಿಸಿ, ಗೆದ್ದ ರಾಜ್ಯವನ್ನು ಅವನಿಗೇ ಬಿಟ್ಟು ತಪಸ್ಸಿಗೆ ಹೊರಟವನು. ಪಂಪನು ಆದಿಪುರಾಣದಲ್ಲಿ ಹೇಳಿದ ಆ ಕಥೆಯಲ್ಲಿ ಯುದ್ಧಕ್ಕಿಂತ ಯುದ್ಧದ ಮರುಗಳಿಗೆಯೇ ದೊಡ್ಡದು. ಚಾವುಂಡರಾಯನು ಬೆಟ್ಟದ ಮೇಲೆ ನಿಲ್ಲಿಸಿದುದು ಅಣ್ಣನನ್ನು ಎತ್ತಿ ಹಿಡಿದ ಬಾಹುಬಲಿಯನ್ನಲ್ಲ, ಕಾಲಿಗೆ ಬಳ್ಳಿ ಹಬ್ಬಿದ ಬಾಹುಬಲಿಯನ್ನು.

ಜಪಾನೀ ಚಿತ್ರಕ್ಕೆ ಅನ್ಯಾಯ ಮಾಡುವ ಉದ್ದೇಶ ನನಗಿಲ್ಲ. ಅದರ ಕೊನೆಯಲ್ಲಿ ಒಂದೆರಡು ಗಳಿಗೆಗಳು ನಿಜವಾಗಿ ದೊಡ್ಡವು. ಸೆಫಿರಾತನು ಮರೆಯಾಗಿ ಕದಾಜನು ಸೋತ ಹುಡುಗನಾಗಿ ಬೀಳುವಾಗ ಕ್ಲೌಡ್ ಅವನನ್ನು ತೋಳಿನಲ್ಲಿ ಹಿಡಿಯುತ್ತಾನೆ, ಮಳೆ ಸುರಿಯುತ್ತದೆ, ಏರಿತಳ ದನಿ ಆ ಹುಡುಗನನ್ನು ಕರೆಯುತ್ತದೆ. ಆ ಮಳೆಯೇ ರೋಗವನ್ನು ತೊಳೆಯುತ್ತದೆ. ಏರಿತಳ ಚರ್ಚಿನಲ್ಲಿ ಉಕ್ಕಿ ನಿಂತ ನೀರಿನಲ್ಲಿ ಡೆನ್ಜೆಲನ ತಲೆಯ ಮೇಲೆ ಕ್ಲೌಡ್ ತನ್ನ ಕೈಯಾರೆ ನೀರು ಸುರಿಯುತ್ತಾನೆ. ಕತ್ತಿಯಿಂದಾಗದುದು ಬೊಗಸೆಯಿಂದಾಗುತ್ತದೆ. ಚಿತ್ರವು ಇದನ್ನೇ ನಂಬಿ ನಡೆದಿದ್ದರೆ ನಡುವಿನ ಅರ್ಧ ಗಂಟೆಯ ಕತ್ತಿವರಸೆ ಬೇಕಾಗುತ್ತಿರಲಿಲ್ಲ. ನಂಬದೆ ಹೋದುದಕ್ಕೆ ಕಾರಣವೂ ಊಹಿಸಲು ಕಷ್ಟವಲ್ಲ: ಜನ ಮೆಚ್ಚಿದ ವೈರಿಯನ್ನು ಮತ್ತೆ ತೋರಿಸದಿದ್ದರೆ ಜನ ಬರುವರೇ ಎಂಬ ಅಂಜಿಕೆ. ಮುಂದುವರಿದ ಕಥೆಗಳನ್ನು ಕೆಡಿಸುವುದು ಸಾಮಾನ್ಯವಾಗಿ ಈ ಅಂಜಿಕೆಯೇ.

ಈ ಮಾತು ದೂರದ ಜಪಾನಿಗೆ ಮಾತ್ರ ಅನ್ವಯಿಸುವುದಲ್ಲ. 2025ರ ಜುಲೈ ತಿಂಗಳಲ್ಲಿ ಅಶ್ವಿನ್ ಕುಮಾರ್ ನಿರ್ದೇಶನದ 'ಮಹಾವತಾರ ನರಸಿಂಹ' ಎಂಬ ಅನಿಮೇಷನ್ ಚಿತ್ರವನ್ನು ಬೆಂಗಳೂರಿನ ಹೊಂಬಾಳೆ ಸಂಸ್ಥೆ ಅರ್ಪಿಸಿತು. ಅದು ಕನ್ನಡದಲ್ಲಿಯೂ ಬಂದಿತು. ಜನ ಕುಟುಂಬಸಮೇತ ಹೋಗಿ ನೋಡಿದರು. ಇತರ ಅವತಾರಗಳನ್ನೂ ಸರಣಿಯಾಗಿ ತರುವುದಾಗಿ ಆಗಲೇ ಪ್ರಕಟವಾಯಿತು. ಇದರಿಂದ ನನಗೆ ಸಂತೋಷವೇ. ಆದರೆ ಒಂದು ಸಂದೇಹವನ್ನು ಹೇಳದಿರಲಾರೆ. ಒಂದು ಅವತಾರ ಮುಗಿದೊಡನೆ ಇನ್ನೊಂದು ಅವತಾರಕ್ಕೆ ಹಾರಿದರೆ, ಕಂಬದ ಬಳಿ ನಿಂತ ಬಾಲಕನ ಗತಿಯೇನು? ಕಣ್ಣೆದುರಿಗೆ ತಂದೆ ಸತ್ತಿದ್ದಾನೆ. ಕೊಂದವನು ತಾನು ನಂಬಿದ ದೇವರು. ಭಾಗವತದ ಕವಿ ಆ ಬಾಲಕನನ್ನು ಮರೆಯಲಿಲ್ಲ. ವರ ಕೇಳೆಂದಾಗ ಪ್ರಹ್ಲಾದನು ಕೇಳಿದುದು ತನ್ನ ತಂದೆಯ ಪಾಪಪರಿಹಾರವನ್ನು. ಇಡೀ ಒಂದು ಚಿತ್ರಕ್ಕೆ ಸಾಕಾಗುವ ವಸ್ತು ಅಲ್ಲಿದೆ. ಅದನ್ನು ಮಾಡುವ ಧೈರ್ಯ ನಮ್ಮವರಿಗೆ ಬಂದರೆ, ಜಪಾನಿನವರು ಅರ್ಧದಲ್ಲಿ ಬಿಟ್ಟುದನ್ನು ಕನ್ನಡದಲ್ಲಿ ಪೂರೈಸಿದಂತಾಗುತ್ತದೆ.

ಇನ್ನೊಂದು ವಿಚಾರ ಇದಕ್ಕಿಂತಲೂ ಮುಖ್ಯವಾದುದು. ಬಲ್ಲವರಿಗಾಗಿ ಹೇಳುವ ಕಥೆಯನ್ನು ಮೇಲೆ ಹೊಗಳಿದೆ. ಆದರೆ ಬಬ್ರುವಾಹನನನ್ನು ಬಲ್ಲವರು ಇಡೀ ಊರಿನವರು. ಓದು ಬಾರದ ಅಜ್ಜಿಯೂ ಬಲ್ಲಳು. ಕ್ಲೌಡನನ್ನು ಬಲ್ಲವರು ಯಂತ್ರವನ್ನು ಕೊಳ್ಳಬಲ್ಲವರು, ಇಂಗ್ಲಿಷನ್ನು ಓದಬಲ್ಲವರು. ಆಟವೂ ಚಿತ್ರವೂ ಕನ್ನಡದಲ್ಲಿ ಇಲ್ಲ. ಆದ್ದರಿಂದ ನಮ್ಮ ತರುಣನು ತನ್ನ ಮನಸ್ಸನ್ನು ಕಲಕಿದ ಕಥೆಯನ್ನು ಮನೆಯಲ್ಲಿ ಯಾರೊಡನೆಯೂ ಹಂಚಿಕೊಳ್ಳಲಾರ. ತರಗತಿಯಲ್ಲಿ ಅದರ ಹೆಸರೆತ್ತಿದರೆ ಕಾಲಹರಣವೆನ್ನುತ್ತಾರೆ. ಅವನು ಅತ್ತುದು ಒಂದು ಭಾಷೆಯಲ್ಲಿ, ಪರೀಕ್ಷೆಗೆ ಬರೆಯುವುದು ಇನ್ನೊಂದು ಭಾಷೆಯಲ್ಲಿ. ಹೀಗೆ ಅನುಭವಕ್ಕೂ ಭಾಷೆಗೂ ನಂಟು ಕಡಿದರೆ, ಕಾಲಕ್ರಮದಲ್ಲಿ ಕನ್ನಡವು ಪಾಠದ ಪದ್ಯಗಳಿಗೆ ಅರ್ಥ ಬರೆಯುವ ಭಾಷೆಯಾಗಿ ಮಾತ್ರ ಉಳಿದೀತು. ಈ ಅಪಾಯವನ್ನು ಹುಡುಗರ ಮೇಲೆ ಹೊರಿಸುವುದು ತಪ್ಪು. ಅವರ ಕಥೆಗೆ ಕಿವಿಗೊಡದ ನಾವೇ ಅದಕ್ಕೆ ಹೊಣೆ.

ಅಧ್ಯಾಪಕ ಮಿತ್ರರಲ್ಲಿ ನನ್ನ ಬಿನ್ನಹ ಒಂದೇ. ಮುಂದಿನ ಸಾಹಿತ್ಯಸಂಘದ ಕೂಟದಲ್ಲಿ ಜೈಮಿನಿ ಭಾರತದ ಬಬ್ರುವಾಹನನ ಪ್ರಸಂಗವನ್ನು ಓದಿಸಿ. ಅದಾದ ಮೇಲೆ ವಿದ್ಯಾರ್ಥಿಗಳಲ್ಲಿ ಈ ಚಿತ್ರವನ್ನೋ ಇಂತಹ ಇನ್ನೊಂದನ್ನೋ ಬಲ್ಲವನೊಬ್ಬನನ್ನು ಎಬ್ಬಿಸಿ, ಅದರ ಕಥೆಯನ್ನು ಕನ್ನಡದಲ್ಲಿ ಹೇಳಲು ಬಿಡಿ. ಕದಾಜನಿಗೂ ಬಬ್ರುವಾಹನನಿಗೂ ಏನು ಸಾಮ್ಯ, ಅರ್ಜುನನು ಸೋತಂತೆ ಕ್ಲೌಡ್ ಏಕೆ ಸೋಲಲಿಲ್ಲ ಎಂದು ಕೇಳಿ. ಉತ್ತರ ತಡವರಿಸುತ್ತ ಬಂದರೂ ಚಿಂತೆಯಿಲ್ಲ. ಲಕ್ಷ್ಮೀಶನನ್ನು ಹಳಬನೆಂದು ದೂರವಿಟ್ಟಿದ್ದ ಹುಡುಗನಿಗೆ ಅವನು ಅಂದೇ ಪರಿಚಿತನಾಗುತ್ತಾನೆ. ಆಟವೆಂದರೆ ಮೂಗು ಮುರಿಯುತ್ತಿದ್ದ ಅಧ್ಯಾಪಕರಿಗೆ ಆ ಹುಡುಗನೂ ಪರಿಚಿತನಾಗುತ್ತಾನೆ.